ಇಟ್ಟಿಗೆಗೂಡಿನಲ್ಲಿ ಗಾಡಿ ನಿಲ್ಲುವುದಿಲ್ಲ

ಗಡಿಬಿಡಿಯಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಮನೆಯವರು, ಬೀದಿಯವರು, ಅಂಗಡಿಯವರು ಎಲ್ಲರಿಗೂ ಅವನು ಗಡಿಬಿಡಿಯಪ್ಪನೇ. ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಬಾಚಣಿಗೆ ಹಿಡಿದು ಸ್ಟೇಷನ್ನಿನ ಕಡೆ ಓಡುವ ಗಂಡಸು ಯಾರು ಎಂದು ಆ ಬೀದಿಯ ನಾಯಿಗೂ ಗೊತ್ತಿತ್ತು. ಮೊದಮೊದಲು ಅದು ಅಟ್ಟಿಸಿಕೊಂಡು ಬರುತ್ತಿತ್ತು. ಆಮೇಲೆ ಬೇಸರ ಬಂದು ಬಿಟ್ಟುಬಿಟ್ಟಿತು.

ಇಷ್ಟೆಲ್ಲ ಓಡಿಯೂ ಅವನು ಕೆಲಸಕ್ಕೆ ತಡವಾಗಿಯೇ ತಲುಪುತ್ತಿದ್ದ. ಲೋಕದಲ್ಲಿ ನಿಧಾನಸ್ಥರು ಹೇಗೋ ಸಮಯಕ್ಕೆ ಸರಿಯಾಗಿ ಬಂದು ಕೂತಿರುತ್ತಾರೆ, ತಡವಾಗುವುದೆಲ್ಲ ಅವಸರದವರಿಗೇ. ಅವನ ಕೆಲಸ ಪಟ್ಟಣದ ಒಂದು ಪರದೆ ಅಂಗಡಿಯಲ್ಲಿ. ಜನರ ಮನೆಗೆ ಹೋಗಿ ಕಿಟಕಿ ಅಳೆಯುವುದು, ಬಂದು ಬಟ್ಟೆ ಕತ್ತರಿಸುವುದು. ಅಳೆಯುವಾಗ ಮಾತ್ರ ಅವನ ಕೈ ನಡುಗುತ್ತಿರಲಿಲ್ಲ. ಅದೊಂದೇ ಕಾರಣಕ್ಕೆ ಯಜಮಾನರು ಅವನನ್ನು ಇನ್ನೂ ಇಟ್ಟುಕೊಂಡಿದ್ದರು.

ಒಂದು ಬೆಳಿಗ್ಗೆ, ಅಪರೂಪಕ್ಕೆ, ಅವನು ಗಾಡಿ ಬರುವ ಮೊದಲೇ ಪ್ಲಾಟ್‌ಫಾರಂ ತಲುಪಿದ. ಏನು ಮಾಡಬೇಕೆಂದು ತೋಚದೆ ಆ ಕಡೆ ನಾಲ್ಕು ಹೆಜ್ಜೆ ಈ ಕಡೆ ನಾಲ್ಕು ಹೆಜ್ಜೆ ಹಾಕುತ್ತಿದ್ದಾಗ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯೊಬ್ಬಳು ಎದುರು ನಿಂತಳು.

"ಸರ್, ರೈಲ್ವೆ ಕಡೆಯಿಂದ ಬಂದಿದ್ದೀನಿ. ಪ್ರಯಾಣದ ವೇಳೆ ಕಡಿಮೆ ಮಾಡ್ಬೇಕು ಅಂತಿದ್ದೀವಿ. ನಿಮ್ಮ ಸಲಹೆ ಏನಾದ್ರೂ ಇದೆಯಾ?"

ಗಡಿಬಿಡಿಯಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಹಾಗಾದರೆ ಕೇಳಿದ್ದು ತನ್ನನ್ನೇ! ಹುಟ್ಟಿದಾಗಿನಿಂದ ಅವನ ಸಲಹೆಯನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಹೆಂಡತಿ ನಿರ್ಧರಿಸುತ್ತಿದ್ದಳು, ಅಂಗಡಿಯಲ್ಲಿ ಯಜಮಾನರು. ಅವನ ತಲೆಗೂದಲು ಎಷ್ಟಿರಬೇಕೆಂದು ಕ್ಷೌರದವನು ನಿರ್ಧರಿಸುತ್ತಿದ್ದ. ಅವನು ಊಟದ ಡಬ್ಬಿಯನ್ನು ಬೆಂಚಿನ ಮೇಲಿಟ್ಟ. ಬಾಚಣಿಗೆಯನ್ನು ಜೇಬಿಗೆ ಸೇರಿಸಿದ. ಗಂಟಲು ಸರಿ ಮಾಡಿಕೊಂಡ.

ಆಮೇಲೆ ಶುರುವಾಯಿತು ನೋಡಿ. ಬಾಗಿಲುಗಳ ಬಗ್ಗೆ ಹೇಳಿದ. ಬಾಗಿಲಲ್ಲೇ ನಿಂತು ದಾರಿ ಬಿಡದವರ ಬಗ್ಗೆ ಹೇಳಿದ. ಗೂಡ್ಸ್ ಗಾಡಿಗಳ ಅಹಂಕಾರದ ಬಗ್ಗೆ ಹೇಳಿದ. ಹೇಳುವ ಸರಕೆಲ್ಲ ಮುಗಿದಮೇಲೂ ಹುಡುಗಿ ಇನ್ನೂ ಬರೆದುಕೊಳ್ಳುತ್ತಿದ್ದುದನ್ನು ಕಂಡು, ನಿಲ್ಲಿಸಲು ಮನಸ್ಸಾಗದೆ, ಕೊನೆಗೆ ಎಂದ:

"ಇನ್ನೊಂದು ವಿಷ್ಯ ಮೇಡಂ. ಆ ಇಟ್ಟಿಗೆಗೂಡು ಸ್ಟೇಷನ್ ಇದೆಯಲ್ಲ, ಅಲ್ಲಿ ಗಾಡಿ ಯಾಕೆ ನಿಲ್ಲಿಸ್ತೀರಾ? ಯಾರು ಹತ್ತುತಾರೆ ಅಲ್ಲಿ? ಭಾನುವಾರ ಒಬ್ಬ ಮುದುಕ ಹತ್ತುತಾನೆ, ಅಷ್ಟೇ. ಅವನೊಬ್ಬನಿಗೋಸ್ಕರ ಇಡೀ ಗಾಡಿ ನಿಲ್ಲಬೇಕಾ?"

ಆ ಮುದುಕ ಬೇರೆ ಯಾರೂ ಅಲ್ಲ, ಗಡಿಬಿಡಿಯಪ್ಪನ ಸ್ವಂತ ಮಾವ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಪ್ರತಿ ಭಾನುವಾರ ಬಂದು, ಮಗಳ ಮನೆಯನ್ನು ಅಟ್ಟದಿಂದ ಬಚ್ಚಲವರೆಗೆ ತಪಾಸಣೆ ಮಾಡಿ, ಅಳಿಯನ ಬೆನ್ನು ನೆಟ್ಟಗಿಲ್ಲ ಎಂದು ಹೇಳಿ ಹೋಗುತ್ತಿದ್ದರು. ಹುಡುಗಿಗೆ ಇದೆಲ್ಲ ಗೊತ್ತಿರಲು ಕಾರಣವಿರಲಿಲ್ಲ. ಅವಳು ಬರೆದುಕೊಂಡು, "ಥ್ಯಾಂಕ್ಸ್ ಸರ್, ತುಂಬಾ ಉಪಯೋಗ ಆಯ್ತು" ಎಂದಳು. ಗಡಿಬಿಡಿಯಪ್ಪ ತೃಪ್ತಿಯಿಂದ ಡಬ್ಬಿ ಎತ್ತಿಕೊಂಡು ತಿರುಗಿದ. ಗಾಡಿಯ ಕೊನೆಯ ಡಬ್ಬಿ ಪ್ಲಾಟ್‌ಫಾರಂ ದಾಟಿ ಹೋಗುತ್ತಿತ್ತು. ಗಾಡಿಯನ್ನು ಬೇಗ ಓಡಿಸುವುದು ಹೇಗೆಂದು ಹೇಳುತ್ತ ಹೇಳುತ್ತ ಅವನು ಗಾಡಿಯನ್ನೇ ಬಿಟ್ಟಿದ್ದ.

ಅಂಗಡಿಗೆ ಬಂದಾಗ ಯಜಮಾನರು ಗೋಡೆಯ ಗಡಿಯಾರ ನೋಡಿದರು, ಅವನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು.

"ರೈಲ್ವೆಯವರು ಹಿಡ್ಕೊಂಡುಬಿಟ್ರು ಯಜಮಾನ್ರೇ."

"ಟಿಕೆಟ್ ಇರ್ಲಿಲ್ವೇನಯ್ಯಾ?"

"ಛೆ ಛೆ! ಸಲಹೆ ಕೇಳೋಕೆ. ಗಾಡಿ ಬೇಗ ಓಡಿಸೋದು ಹೇಗೆ ಅಂತ."

"ನಿನ್ನನ್ನ?" ಯಜಮಾನರು ಕನ್ನಡಕ ತೆಗೆದರು. "ಬೇಗ ಬರೋದು ಹೇಗೆ ಅಂತ ನಿನ್ನನ್ನ ಕೇಳಿದ್ರಾ?"

ಅವರು ನಗಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಬಟ್ಟೆ ಆರಿಸುತ್ತಿದ್ದ ಗಿರಾಕಿ ಹೆಂಗಸು ತಿರುಗಿ, "ಹೌದಾ? ನಮ್ಮೆಜಮಾನ್ರು ದಿನಾ ಗಾಡಿ ತಡ ಅಂತ ಬೈಕೊಂಡೇ ಮನೆಗೆ ಬರೋದು. ಅವರಿಗೆ ಹೇಳ್ತೀನಿ, ನೀವೇ ನೋಡ್ಕೊಳ್ತಿದ್ದೀರಾ ಅಂತ" ಎಂದು ಭಕ್ತಿಯಿಂದ ನೋಡಿದಳು. ಆ ಭಕ್ತಿಯಲ್ಲಿ ಒಂದು ಪರದೆಯ ಬದಲು ಮೂರು ತೆಗೆದುಕೊಂಡಳು. ಯಜಮಾನರು ತೆರೆದ ಬಾಯಿ ಮುಚ್ಚಿ, ಕನ್ನಡಕ ಹಾಕಿಕೊಂಡು, ಅಂದಿನಿಂದ ಬಂದ ಗಿರಾಕಿಗಳಿಗೆಲ್ಲ, "ನಮ್ಮ ಹುಡುಗ, ರೈಲ್ವೆಗೆ ಸಲಹೆ ಕೊಡ್ತಾನೆ" ಎಂದು ಪರಿಚಯಿಸತೊಡಗಿದರು.

ವಿಷಯ ಅಲ್ಲಿಗೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಮುಂದಿನ ತಿಂಗಳು ಸ್ಟೇಷನ್ನಿನ ಗೋಡೆಯ ಮೇಲೆ ಪ್ರಕಟಣೆ ಬಂತು: ಪ್ರಯಾಣಿಕರ ಸಲಹೆಯ ಮೇರೆಗೆ, ಪ್ರಯಾಣದ ವೇಳೆ ತಗ್ಗಿಸುವ ಸಲುವಾಗಿ, ಪ್ರಾಯೋಗಿಕವಾಗಿ ಇಟ್ಟಿಗೆಗೂಡು ನಿಲ್ದಾಣದಲ್ಲಿ ಯಾವ ಗಾಡಿಯೂ ನಿಲ್ಲುವುದಿಲ್ಲ.

ಬೇಕರಿಯವನು ಅದನ್ನು ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಾಗ ಗಡಿಬಿಡಿಯಪ್ಪ ಅಲ್ಲೇ ಟೀ ಕುಡಿಯುತ್ತ ನಿಂತಿದ್ದ. ಆ ಗಳಿಗೆಯಲ್ಲಿ ಅವನು ಬಾಯಲ್ಲಿ ಬನ್ನು ತುರುಕಿಕೊಂಡಿದ್ದರೆ ಬದುಕುತ್ತಿದ್ದ. ತುರುಕಿಕೊಳ್ಳಲಿಲ್ಲ.

"ನಾನು ಹೇಳಿದ್ದೇ ಅದು" ಎಂದ.

"ಏನು, ನೀವು ಹೇಳಿದ್ದಾ?"

"ಹೂಂ. ಆ ಸ್ಟೇಷನ್ ತೆಗೀರಿ ಅಂದೆ. ತೆಗೆದ್ರು."

ಬೇಕರಿಯವನು ಅಂದು ಟೀಗೆ ಕಾಸು ತೆಗೆದುಕೊಳ್ಳಲಿಲ್ಲ. ಸಂಜೆ ಗಡಿಬಿಡಿಯಪ್ಪ ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಜನ. ಪಕ್ಕದ ಮನೆಯ ದಪ್ಪ ಅಕ್ಕ, "ತಮ್ಮಾ, ನನಗೆ ಮೊಣಕಾಲು ನೋವು, ನಮ್ಮ ಸ್ಟೇಷನ್ನಲ್ಲಿ ಗಾಡಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋ ಹಾಗೆ ಮಾಡು" ಎಂದಳು. ಮಹಡಿ ಮೇಲಿನ ಮನೆ ಮಾಲೀಕರು, "ಗಾಡಿ ಬೇಕಾದಷ್ಟು ಬೇಗ ಓಡ್ಲಿ, ಆದ್ರೆ ನಾನು ಮಧ್ಯಾಹ್ನ ಮಲಗಿದಾಗ ಹಾರ್ನ್ ಹೊಡೀಬಾರ್ದು" ಎಂದರು. ಬೇಕರಿಯವನು, "ಅಣ್ಣಾ, ಎಲ್ಲಾದ್ರೂ ನಿಲ್ಲಿಸೋದಾದ್ರೆ ನನ್ನ ಅಂಗಡಿ ಎದುರಿಗೇ ನಿಲ್ಲಿಸಿ" ಎಂದ. ಗಡಿಬಿಡಿಯಪ್ಪ ಎಲ್ಲರಿಗೂ "ನೋಡೋಣ" ಎಂದ. ಅಧಿಕಾರ ಬಂದವರೆಲ್ಲ ಮೊದಲು ಕಲಿಯುವ ಮಾತು ಅದು. ಅವನಿಗೆ ಯಾರೂ ಹೇಳಿಕೊಡದೆಯೇ ಬಂದಿತ್ತು.

ಜನ ಹೋದಮೇಲೆ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಫೋನು. ಮುಖ ನೋಡಿದರೆ ಫೋನಿನ ಆಚೆ ತುದಿಯಲ್ಲಿ ಯಾರಿದ್ದರು ಎಂದು ಕೇಳಬೇಕಾಗಿರಲಿಲ್ಲ.

"ರೀ, ಇಟ್ಟಿಗೆಗೂಡಲ್ಲಿ ಗಾಡಿ ನಿಲ್ಲಲ್ವಂತೆ."

"ಹೌದಾ?"

"ಅದು ಅಪ್ಪನ ಸ್ಟೇಷನ್ನು."

"ಹೌದಲ್ವಾ!" ಎಂದ ಗಡಿಬಿಡಿಯಪ್ಪ, ಈಗ ತಾನೇ ನೆನಪಾದವನಂತೆ.

"ನೀವೇ ಮಾಡ್ಸಿದ್ದಂತೆ."

ಈ ಮಾತಿಗೆ ಹೌದೆಂದರೆ ಮನೆಯಲ್ಲಿ ಇರುವಂತಿಲ್ಲ, ಇಲ್ಲವೆಂದರೆ ಬೀದಿಯಲ್ಲಿ ತಿರುಗುವಂತಿಲ್ಲ. ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕಾಲು ತೊಳೆದ.

ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು. ಹೊಸಿಲಲ್ಲಿ ಮಾವ. ಬೆವರಿನಿಂದ ತೊಯ್ದಿದ್ದರೂ ಬೆನ್ನು ಮಾತ್ರ ದೀಪದ ಕಂಬದ ಹಾಗೆ ನೆಟ್ಟಗೆ. ಒಂದು ಕೈಯಲ್ಲಿ ಟ್ರಂಕು, ಹೆಗಲ ಮೇಲೆ ಹಾಸಿಗೆ ಸುರುಳಿ, ಕಂಕುಳಲ್ಲಿ ಕಸರತ್ತಿನ ಕಬ್ಬಿಣದ ಗುಂಡುಗಳು, ಕೊರಳಲ್ಲಿ ಸೀಟಿ. ಮುಂದಿನ ಸ್ಟೇಷನ್‌ವರೆಗೆ ಇಷ್ಟನ್ನೂ ಹೊತ್ತು ನಡೆದು ಗಾಡಿ ಹತ್ತಿ ಬಂದಿದ್ದರು.

"ಅಳಿಯಂದಿರೇ" ಎಂದರು. "ನಿಮ್ಮ ರೈಲಿಗೆ ನಾನು ಬೇಡವಾದೆ. ಪರವಾಗಿಲ್ಲ. ನಿಮ್ಮ ಮನೆಗಾದ್ರೂ ಬೇಕೋ ಬೇಡ್ವೋ ಹೇಳಿಬಿಡಿ."

ಹೆಂಡತಿ ಗಡಿಬಿಡಿಯಪ್ಪನನ್ನು ನೋಡಿದಳು. ಆ ನೋಟಕ್ಕೆ ಒಂದೇ ಉತ್ತರವಿತ್ತು.

"ಬನ್ನಿ ಮಾವ, ಬನ್ನಿ. ಇದು ನಿಮ್ಮದೇ ಮನೆ."

ಮಾವ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಮರುದಿನದಿಂದ ಬೆಳಕು ಹರಿಯುವ ಮೊದಲೇ ಸೀಟಿ. ಸೀಟಿಗೆ ಎಲ್ಲರೂ ಏಳಬೇಕು, ಎದ್ದವರು ಹಜಾರದಲ್ಲಿ ಸಾಲಾಗಿ ನಿಲ್ಲಬೇಕು. ಇದ್ದದ್ದು ಗಂಡ ಹೆಂಡತಿ ಇಬ್ಬರೇ ಆದ್ದರಿಂದ ಸಾಲು ಚಿಕ್ಕದಾಗಿತ್ತು, ಶಿಸ್ತಿಗೆ ಮಾತ್ರ ಕೊರತೆಯಿರಲಿಲ್ಲ. ಕೈ ಮೇಲೆ, ಕೈ ಕೆಳಗೆ, ಎಡ, ಬಲ! ಕಿಟಕಿಯ ಪಕ್ಕದ ಕುರ್ಚಿ ಮಾವನದಾಯಿತು. ಟಿವಿಯ ರಿಮೋಟು ಮಾವನದಾಯಿತು. ಗಡಿಬಿಡಿಯಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಎದುರು ನಿಂತು ನೋಡಿ, "ಬಿಚ್ಚಿ. ಮೇಲಿಂದ ಶುರು ಮಾಡಿ" ಎನ್ನುತ್ತಿದ್ದರು. ಒಂದೇ ಸಮನೆ ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದ ಅವನನ್ನು ಕಂಡು ಯಜಮಾನರು, "ಮೈಗೆ ಹುಷಾರಿಲ್ವೇನಯ್ಯಾ?" ಎಂದು ವಿಚಾರಿಸಿದರು.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಇನ್ನೊಂದಿತ್ತು. ಮಾವನಿಗೆ ಅವನ ಮೇಲೆ ಸಿಟ್ಟೇ ಇರಲಿಲ್ಲ. ಬೇಕರಿಯ ಮುಂದೆ ನಿಂತು ಅವರು ಬೀದಿಯವರಿಗೆಲ್ಲ ಹೇಳುತ್ತಿದ್ದರು: "ದೊಡ್ಡ ಕೆಲಸ ಮಾಡೋರು ತಮ್ಮವರು ಬೇರೆಯವರು ಅಂತ ನೋಡಬಾರ್ದು. ನನ್ನ ಅಳಿಯ ಮೊದಲು ಕತ್ತರಿ ಹಾಕಿದ್ದೇ ನನ್ನ ಸ್ಟೇಷನ್ನಿಗೆ. ಇಷ್ಟು ದಿನ ಅವನ ಬೆನ್ನಿಗೆ ಮೂಳೆ ಇಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು."

ಆ ಮಾತು ಕೇಳಿದ ದಿನ ಗಡಿಬಿಡಿಯಪ್ಪನಿಗೆ ಅನ್ನ ಇಳಿಯಲಿಲ್ಲ. ಕೂತರೆ ನಿಲ್ಲಬೇಕೆನ್ನಿಸಿತು, ನಿಂತರೆ ಓಡಬೇಕೆನ್ನಿಸಿತು. ಮರುದಿನ ಅರ್ಧ ದಿನ ರಜೆ ಕೇಳಿ ರೈಲ್ವೆಯ ದೊಡ್ಡ ಕಚೇರಿಗೆ ಹೋದ.

ಬಾಗಿಲ ಬಳಿ ಮೇಜಿನ ಹಿಂದೆ ಕುಳಿತವನು ತಲೆ ಎತ್ತದೆ, "ಯಾವ ವಿಷಯ?" ಎಂದ.

"ಪ್ರಯಾಣದ ವೇಳೆ ಕಡಿಮೆ ಮಾಡೋ ವಿಷಯ."

ಅವನು ತಟ್ಟನೆ ಎದ್ದು ನಿಂತ. "ಓ, ಸಲಹೆಗಾರರು! ಬನ್ನಿ ಸರ್, ಸಾಹೇಬ್ರು ಬೆಳಿಗ್ಗೆಯಿಂದ ಕಾಯ್ತಿದ್ದಾರೆ. ಲಿಫ್ಟ್ ಈ ಕಡೆ."

ಅಂದು ಅಲ್ಲಿಗೆ ಹೊರಗಿನ ಕಂಪನಿಯಿಂದ ಒಬ್ಬ ಪರಿಣತ ಸಲಹೆಗಾರ ಬರಬೇಕಿತ್ತು. ಅವನ ಗಾಡಿ ಎಲ್ಲೋ ತಡವಾಗಿ ನಿಂತಿತ್ತು. ಗಡಿಬಿಡಿಯಪ್ಪ ಅಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟ್ ಮೇಲೆ ಹೋಯಿತು, ಬಾಗಿಲು ತೆರೆಯಿತು, ಮೆತ್ತನೆಯ ಕುರ್ಚಿಯೊಂದು ಅವನ ಕೆಳಗೆ ಬಂತು.

ಎದುರಿಗೆ ದೊಡ್ಡ ಆಫೀಸರು. ತೆಳ್ಳಗೆ, ಕುಳಿತಲ್ಲೇ ಒಂದು ಕಾಲು ಅಲ್ಲಾಡಿಸುತ್ತ. ತನ್ನ ಜಾತಿಯವನೇ ಎಂದು ಗಡಿಬಿಡಿಯಪ್ಪನಿಗೆ ಒಂದು ಕ್ಷಣ ಸಮಾಧಾನವಾಯಿತು.

"ನೋಡಿ, ಇಟ್ಟಿಗೆಗೂಡು ತೆಗೆದದ್ದು ನಮ್ಮ ದೊಡ್ಡ ಗೆಲುವು" ಎಂದರು ಆಫೀಸರು. "ಇನ್ನು ಯಾವ ಸ್ಟೇಷನ್ ತೆಗೀಬೇಕು, ನೀವು ಹೇಳ್ಬೇಕು."

"ಅಯ್ಯೋ ಸಾರ್! ಅದೇ ತಪ್ಪಾಗಿದ್ದು. ಅದನ್ನ ವಾಪಸ್ ಹಾಕ್ಬೇಕು."

ಆಫೀಸರ ಕಾಲು ನಿಂತಿತು. "ತಪ್ಪಾ? ಏನು ಆಧಾರ?"

ಆಧಾರ ಎಂದರೆ ಮನೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ ಎನ್ನುವಂತಿರಲಿಲ್ಲ. ಗಡಿಬಿಡಿಯಪ್ಪ ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಜೋತುಬಿದ್ದ.

"ಅಲ್ಲಿ ಹೋಗಿ ನೋಡಿದ್ದೀರಾ ಸಾರ್?"

"ಇಲ್ಲ. ನಕ್ಷೆಯಲ್ಲಿ ನೋಡಿದ್ದೀನಿ."

"ಕಿಟಕಿ ನೋಡದೆ ಪರದೆ ಕತ್ತರಿಸಬಾರ್ದು ಸಾರ್."

ಆಫೀಸರು ಆ ಮಾತನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡರು. ಪಕ್ಕದಲ್ಲಿ ನಿಂತಿದ್ದ ಸಹಾಯಕನಿಗೆ, "ಬರ್ಕೋ" ಎಂದರು. "ಎಷ್ಟೋ ಜನ ಸಲಹೆಗಾರರು ಬಂದ್ರು ಹೋದ್ರು, ಒಬ್ರೂ ಹೀಗೆ ಹೇಳ್ಲಿಲ್ಲ. ಸರಿ. ನಾಡಿದ್ದು ಬೆಳಗಿನ ಗಾಡಿನ ಇಟ್ಟಿಗೆಗೂಡಲ್ಲಿ ಒಂದ್ಸಲ ನಿಲ್ಲಿಸೋಕೆ ಹೇಳ್ತೀನಿ. ನೀವೂ ನಾನೂ ಇಳಿದು ನೋಡೋಣ."

ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಮಾವ ಕುರ್ಚಿಯಿಂದ ಚಿಮ್ಮಿದರು. "ಆಫೀಸರ್ ತಪಾಸಣೆಗೆ ಬರ್ತಿದ್ದಾರಾ! ಅಲ್ಲಿ ನಮ್ಮ ಜನ ಕುರಿಮಂದೆ ಹಾಗೆ ನುಗ್ಗಿದ್ರೆ ಮರ್ಯಾದೆ ಏನಾಗ್ಬೇಕು? ಅಳಿಯಂದಿರೇ, ಮಾನ ಉಳಿಸೋ ಜವಾಬ್ದಾರಿ ನನ್ನದು." ಹಾಗೆಂದು ಸೀಟಿ ಹಾಕಿಕೊಂಡು ಹೊರಟೇಹೋದರು.

ಆ ಬೆಳಿಗ್ಗೆ ಗಾಡಿ ಇಟ್ಟಿಗೆಗೂಡಿನಲ್ಲಿ ನಿಂತಿತು. ಆಫೀಸರು ಕೋಟನ್ನೂ, ಕೋಟಿನ ಜೇಬಿನಲ್ಲಿದ್ದ ಫೋನನ್ನೂ ಸೀಟಿನ ಮೇಲೆಯೇ ಬಿಟ್ಟು ಇಳಿದರು. ಹಿಂದೆ ಗಡಿಬಿಡಿಯಪ್ಪ. ಇಳಿದವರು ಹಾಗೇ ನಿಂತುಬಿಟ್ಟರು.

ಪ್ಲಾಟ್‌ಫಾರಂ ತುಂಬ ಜನ. ಗಾಡಿಯ ಒಂದೊಂದು ಬಾಗಿಲಿನ ಎದುರಿಗೂ ಒಂದೊಂದು ಸಾಲು, ದಾರ ಹಿಡಿದು ಎಳೆದ ಹಾಗೆ. ಇಟ್ಟಿಗೆ ಸುಡುವ ಗೂಡಿನ ಕೆಲಸದವರು, ತಲೆಯ ಮೇಲೆ ಬುಟ್ಟಿಯಿದ್ದ ತರಕಾರಿಯವಳು, ಶಾಲೆಯ ಅಡುಗೆಯವಳು, ಊರುಗೋಲಿನ ಅಜ್ಜ ಎಲ್ಲರೂ ಎದೆ ಉಬ್ಬಿಸಿ ನಿಂತಿದ್ದರು. ಭಾನುವಾರ ಒಬ್ಬ ಮುದುಕ ಮಾತ್ರ ಹತ್ತುವ ಸ್ಟೇಷನ್ ಇದು! ಗಡಿಬಿಡಿಯಪ್ಪ ಇದನ್ನು ನೋಡಿದ್ದೇ ಇಲ್ಲ. ಗಾಡಿ ಇಲ್ಲಿಗೆ ಬರುವ ಹೊತ್ತಿಗೆ ಅವನು ದಿನಾ ಕನ್ನಡಿಯಿಲ್ಲದೆ ತಲೆ ಬಾಚಿಕೊಳ್ಳುತ್ತಿರುತ್ತಿದ್ದ.

ಸಾಲಿನ ಮೊದಲಲ್ಲಿ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ನಿಂತಿದ್ದ ಹೆಂಗಸನ್ನು ಆಫೀಸರು ಕೇಳಿದರು. "ಏನಮ್ಮಾ, ನಿಮಗೇನು ತೊಂದರೆ?"

"ನಾನು ರಾತ್ರಿ ಪಾಳಿ ನರ್ಸು ಸರ್. ಬೆಳಿಗ್ಗೆ ವಾಪಸ್ ಬರುವಾಗ ಗಾಡಿ ನಮ್ಮನೆ ಎದುರೇ ಹಾದು ಹೋಗುತ್ತೆ. ನನ್ನ ಮಗಳು ಬಾಗಿಲಲ್ಲಿ ನಿಂತಿರ್ತಾಳೆ. ಕೈ ಬೀಸ್ತಾಳೆ. ನಾನೂ ಒಳಗಿಂದ ಬೀಸ್ತೀನಿ. ಅಷ್ಟರಲ್ಲಿ ದಾಟಿರುತ್ತೆ. ಮುಂದಿನ ಸ್ಟೇಷನ್ನಲ್ಲಿ ಇಳಿದು ಹಿಂದಕ್ಕೆ ನಡ್ಕೊಂಡು ಬರೋದ್ರಲ್ಲಿ ಅವಳು ಶಾಲೆಗೆ ಹೋಗಿರ್ತಾಳೆ. ಇವತ್ತೂ ಹಾಗೇ ನಡ್ಕೊಂಡು ಬಂದೆ, ಮೇಷ್ಟ್ರು ಹಿಡಿದು ಸಾಲಲ್ಲಿ ನಿಲ್ಲಿಸಿದ್ರು. ಈ ತಿಂಗಳೆಲ್ಲ ಅವಳನ್ನ ನಾನು ಕಿಟಕಿಯಿಂದಲೇ ನೋಡಿದ್ದು."

ಆಫೀಸರು ಗಾಡಿಯ ಕಿಟಕಿಗಳ ಕಡೆ ನೋಡಿದರು. ಗಡಿಬಿಡಿಯಪ್ಪ ತನ್ನ ಚಪ್ಪಲಿಯನ್ನು ನೋಡುತ್ತಿದ್ದ. ಅವರಿಬ್ಬರೂ ಸುಮ್ಮನೆ ನಿಂತದ್ದನ್ನು ಕಂಡ ಮಾವ, ಮಾತು ಮುಗಿಯಿತು, ಇನ್ನು ಕವಾಯತು ತೋರಿಸುವುದೇ ಬಾಕಿ ಎಂದುಕೊಂಡು ಸೀಟಿ ಊದಿದರು.

ಮೂವತ್ತು ವರ್ಷ ಶಾಲೆಯ ಮೈದಾನವನ್ನು ನಡುಗಿಸಿದ ಸೀಟಿ ಅದು. ಸಾಲುಗಳು ಬಾಗಿಲುಗಳ ಒಳಗೆ ಹರಿದುಹೋದವು. ಮನೆಗೆ ಹೋಗಿ ಮಲಗಬೇಕಿದ್ದ ನರ್ಸಮ್ಮ ಕೂಡ ಸೀಟಿಯ ರಭಸಕ್ಕೆ ಹತ್ತಿಬಿಟ್ಟಳು. ಗಾರ್ಡು ಬೆಚ್ಚಿಬಿದ್ದು ಹಸಿರು ಬಾವುಟ ಬೀಸಿದ. ಗಾಡಿ ಹೊರಟಿತು. ಪ್ಲಾಟ್‌ಫಾರಂ ಗುಡಿಸಿದ ಹಾಗೆ ಖಾಲಿ. ಉಳಿದವರು ಮೂವರು.

"ನೋಡಿದ್ರಾ ಸಾರ್!" ಮಾವನ ಮುಖ ಕೆಂಪಗೆ ಹೊಳೆಯುತ್ತಿತ್ತು. "ಕಣ್ಣು ಮಿಟುಕಿಸೋದ್ರೊಳಗೆ ಹತ್ತಿಬಿಟ್ರು! ಇಲ್ಲಿ ನಿಲ್ಲಿಸಿದ್ರೆ ಹೊತ್ತು ಹೋಗುತ್ತೆ ಅಂತ ಯಾರು ಹೇಳಿದ್ದು?"

"ನಾನು ಹತ್ತಲಿಲ್ಲವಲ್ಲ!" ಎಂದು ಆಫೀಸರು ಕಿರುಚಿದರು.

"ನೀವು ಸಾಲಲ್ಲಿ ಇರ್ಲಿಲ್ಲ ಸಾರ್" ಎಂದರು ಮಾವ, ಬೇಸರದಿಂದ.

ಆಫೀಸರು ಕೋಟಿಗೆ ಕೈ ಹಾಕಿದರು. ಕೋಟಿರಲಿಲ್ಲ. ಸ್ಟೇಷನ್ ಮಾಸ್ತರರ ಕೋಣೆಗೆ ಓಡಿದರು. ಬೀಗ. ಗಾಡಿ ನಿಲ್ಲದ ಸ್ಟೇಷನ್ನಿಗೆ ಮಾಸ್ತರರು ಯಾಕೆಂದು ಅವರನ್ನು ಬೇರೆಡೆಗೆ ಕಳಿಸಿದ ಆದೇಶಕ್ಕೆ ಸಹಿ ಹಾಕಿದ್ದು ಇದೇ ಆಫೀಸರು. ಗಡಿಬಿಡಿಯಪ್ಪನ ಫೋನು ಕಸಿದುಕೊಂಡು ನೋಡಿದರೆ ಅವರಿಗೆ ಯಾರ ನಂಬರೂ ನೆನಪಿಗೆ ಬರಲಿಲ್ಲ. ಕೊನೆಗೆ ಕಂಬದ ಮೇಲೆ ಬರೆದಿದ್ದ ರೈಲ್ವೆ ವಿಚಾರಣೆಯ ನಂಬರಿಗೆ ಹಚ್ಚಿದರು. ಒಂದು ಸಂಗೀತ ಕೇಳಿಸಿತು. ಸಂಗೀತ ಬಹಳ ಹೊತ್ತು ನಡೆಯಿತು. ಆಮೇಲೆ ಒಂದು ಹೆಣ್ಣುದನಿ.

"ಇಟ್ಟಿಗೆಗೂಡಲ್ಲಿ ಮುಂದಿನ ಗಾಡಿ ಎಷ್ಟಕ್ಕೆ ನಿಲ್ಲುತ್ತೆ?"

"ಇಟ್ಟಿಗೆಗೂಡಲ್ಲಿ ಯಾವ ಗಾಡಿನೂ ನಿಲ್ಲಲ್ಲ ಸರ್."

"ಗೊತ್ತು! ಆ ಆದೇಶ ಮಾಡಿದ್ದೇ ನಾನು! ನಾನು ದೊಡ್ಡ ಆಫೀಸರ್ ಮಾತಾಡ್ತಿರೋದು!"

"ಆಗ್ಲಿ ಸರ್. ದಿನಾ ನಾಲ್ಕು ಜನ ಹೀಗೇ ಹೇಳ್ತಾರೆ. ದಯವಿಟ್ಟು ಮುಂದಿನ ಸ್ಟೇಷನ್‌ಗೆ ನಡ್ಕೊಂಡು ಹೋಗಿ."

ಅಷ್ಟರಲ್ಲಿ ದೂರದಲ್ಲಿ ಇನ್ನೊಂದು ಗಾಡಿ ಕಾಣಿಸಿತು. ಆಫೀಸರು ಪ್ಲಾಟ್‌ಫಾರಂ ತುದಿಗೆ ಓಡಿ ಎರಡೂ ಕೈ ಎತ್ತಿ ಬೀಸಿದರು. ಡ್ರೈವರು ಸಜ್ಜನ. ಅವನೂ ನಗುತ್ತ ಕೈ ಬೀಸಿದ. ಗಾಡಿ ಧೂಳೆಬ್ಬಿಸಿಕೊಂಡು ಹಾರಿಹೋಯಿತು. ಹೊಸ ವೇಳಾಪಟ್ಟಿ ಅದ್ಭುತವಾಗಿ ಕೆಲಸ ಮಾಡುತ್ತಿತ್ತು.

ಮಾವ ಇಬ್ಬರನ್ನೂ ಹತ್ತಿರದಲ್ಲೇ ಇದ್ದ ತಮ್ಮ ಮನೆಗೆ ಕರೆದುಕೊಂಡು ಹೋಗಿ ಟೀ ಮಾಡಿಕೊಟ್ಟರು. ಚಿಕ್ಕ ಮನೆ, ಚೊಕ್ಕ ಮನೆ. ಹಿಂದೆ ಬಾವಿ, ಮುಂದೆ ಜಗಲಿ. ಆಫೀಸರು ಲೋಟ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆದರು, ಕಿಟಕಿ ತೆರೆದು ಮುಚ್ಚಿ ನೋಡಿದರು, "ಗಾಳಿ ಚೆನ್ನಾಗಿದೆ" ಎಂದರು. ಮಾವ ಲೋಟ ತೊಳೆಯಲು ಬಾವಿಯ ಕಡೆ ಹೋದಾಗ ಗಡಿಬಿಡಿಯಪ್ಪನಿಗೆ ಇನ್ನು ತಡೆಯಲಾಗಲಿಲ್ಲ.

"ಸಾರ್, ಒಂದು ಮಾತು. ನಾನು ಸಲಹೆಗಾರ ಅಲ್ಲ. ಪರದೆ ಅಂಗಡಿಯವನು. ಈ ಸ್ಟೇಷನ್ ತೆಗೀರಿ ಅಂತ ನಿಮ್ಮ ಹುಡುಗಿಗೆ ಹೇಳಿದ್ದೂ ನಾನೇ. ಭಾನುವಾರ ಮಾವ ಬರ್ತಾರಲ್ಲ ಅಂತ ಹೇಳಿಬಿಟ್ಟೆ. ಬೇರೆ ಏನೂ ಇಲ್ಲ."

"ಸಲಹೆಗಾರ ಅಲ್ಲ ಅನ್ನೋದು ಗೊತ್ತು. ನಿಜವಾದವನು ಆವತ್ತೇ ಸಂಜೆ ಬಂದ."

"ಮತ್ತೆ ನನ್ನನ್ನ ಯಾಕೆ ಕರ್ಕೊಂಡು ಬಂದ್ರಿ?"

"ಅವನು ಎರಡು ಗಂಟೆ ಮಾತಾಡಿದ. ನನಗೆ ಒಂದಕ್ಷರ ತಿಳೀಲಿಲ್ಲ. ನಿಮ್ಮ ಪರದೆ ತಿಳೀತು." ಆಫೀಸರು ಬಾವಿಯ ಕಡೆ ನೋಡಿ ದನಿ ತಗ್ಗಿಸಿದರು. "ಮಾವ ಇಲ್ಲಿದ್ದಾಗ ವಾರಕ್ಕೊಂದೇ ದಿನ ಬರ್ತಿದ್ರಾ?"

"ಹೂಂ ಸಾರ್."

"ಈಗ?"

"ಏಳೂ ದಿನ."

ಆಫೀಸರು ಅವನ ಭುಜವನ್ನು ಮೆಲ್ಲಗೆ ತಟ್ಟಿದರು. ಆಮೇಲೆ ಬಿಸಿಲಿನಲ್ಲಿ ಹಳಿಯ ಪಕ್ಕದ ಕಾಲುದಾರಿ ಹಿಡಿದು ಮುಂದಿನ ಸ್ಟೇಷನ್ನಿಗೆ ನಡೆದರು. ಅರ್ಧ ದಾರಿಯಲ್ಲಿ ಅವರ ಬೂಟು ಕಚ್ಚತೊಡಗಿತು. ಮುಕ್ಕಾಲು ದಾರಿಯಲ್ಲಿ ಎದುರಿಗೆ ನರ್ಸಮ್ಮ ಸಿಕ್ಕಳು. ಗಾಡಿಯಲ್ಲಿ ನಿದ್ದೆ ಹತ್ತಿ ಪಟ್ಟಣದವರೆಗೆ ಹೋಗಿಬಿಟ್ಟಿದ್ದ ಅವಳು, ವಾಪಸ್ ಬಂದು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುತ್ತಿದ್ದಳು. ಆಫೀಸರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಅವಳು ದಾರಿ ಬಿಟ್ಟುಕೊಟ್ಟಳು. ಆಫೀಸರೇ ನಿಂತು, "ನಾಳೆಯಿಂದ ನಿಲ್ಲುತ್ತಮ್ಮಾ" ಎಂದರು.

ನಿಂತಿತು. ಎಲ್ಲ ಗಾಡಿಗಳೂ ನಿಂತವು. ಗಡಿಬಿಡಿಯಪ್ಪನ ಬೀದಿಯವರು ಗಾಡಿ ಮತ್ತೆ ತಡವಾಗುತ್ತದೆ ಎಂದು ಜಗಳಕ್ಕೆ ಸಿದ್ಧರಾದರು. ಬೇಕರಿಯವನು ಟೀಗೆ ಮೊದಲಿನಂತೆ ಕಾಸು ಕೇಳಿದ. ಆದರೆ ಗಾಡಿ ತಡವಾಗಲಿಲ್ಲ. ಇಟ್ಟಿಗೆಗೂಡಿನವರು ಮಾವ ಕಲಿಸಿದ ಸಾಲನ್ನು ಬಿಟ್ಟಿರಲಿಲ್ಲ. ಅದನ್ನು ಕಂಡು ಉಳಿದ ಸ್ಟೇಷನ್ನುಗಳಲ್ಲೂ ಆಫೀಸರು ನೆಲದ ಮೇಲೆ ಗೆರೆ ಎಳೆಸಿದರು. ಜನ ಬೈದುಕೊಂಡೇ ಗೆರೆಯ ಮೇಲೆ ನಿಂತರು. ಗಾಡಿ ಮೊದಲಿಗಿಂತ ಬೇಗ ಓಡತೊಡಗಿತು. ಪಕ್ಕದ ಮನೆಯ ಅಕ್ಕ, "ನಾನು ಹೇಳಿದ್ದು ಬಿಟ್ಟು ಬೇರೆಲ್ಲ ಮಾಡಿದ್ಯಲ್ಲ ತಮ್ಮಾ" ಎಂದು ಮುಖ ಊದಿಸಿಕೊಂಡಳು. ಗಡಿಬಿಡಿಯಪ್ಪನಿಗೆ ಅದೊಂದೂ ಕೇಳಿಸಲಿಲ್ಲ. ಅವನ ಕಿವಿಯಲ್ಲಿ ಇದ್ದದ್ದು ಒಂದೇ ಮಾತು. ಮಾವ ಬೆಳಿಗ್ಗೆ ಮಗಳಿಗೆ ಹೇಳಿದ್ದು: "ಗಾಡಿ ನಿಲ್ಲೋ ಹಾಗಾಯ್ತಲ್ಲ. ಇನ್ನು ನಾನು ಒಂದ್ಸಲ ಮನೆ ಕಡೆ ಹೊರಡ್ತೀನಮ್ಮ."

ಅಂದು ಗಡಿಬಿಡಿಯಪ್ಪ ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತ. ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿದ. ಕಬ್ಬಿಣದ ಗುಂಡುಗಳನ್ನೂ ಬಿಡಲಿಲ್ಲ. ಗಾಡಿಗೆ ಇನ್ನೂ ಬಹಳ ಹೊತ್ತಿದ್ದರೂ ಓಡಿದ. ಬಹಳ ದಿನದ ಮೇಲೆ ಆ ಓಟ ಕಂಡ ಬೀದಿಯ ನಾಯಿ ಉತ್ಸಾಹದಿಂದ ಸ್ಟೇಷನ್‌ವರೆಗೂ ಜೊತೆಗೆ ಬಂತು. ಮಾವನನ್ನು ಕಿಟಕಿಯ ಪಕ್ಕ ಕೂರಿಸಿ, "ಹೋಗ್ಬನ್ನಿ ಮಾವ, ಭಾನುವಾರ ಬನ್ನಿ, ಮರೀಬೇಡಿ" ಎಂದು ಬಾಯಿತುಂಬ ಹೇಳಿದ. ಆ ವಾರವೆಲ್ಲ ಅವನು ಗುಂಡಿ ತಪ್ಪಿಸಿ ಅಂಗಿ ತೊಟ್ಟ, ಕೆಲಸಕ್ಕೆ ತಡವಾಗಿ ಹೋದ, ಯಜಮಾನರ ಬೈಗುಳವನ್ನು ನಗುತ್ತ ಕೇಳಿಸಿಕೊಂಡ.

ಭಾನುವಾರ ಮಾವ ಬಂದರು. ಅದು ನಿರೀಕ್ಷಿಸಿದ್ದೇ. ಗಡಿಬಿಡಿಯಪ್ಪ ನಗುಮುಖದಿಂದಲೇ ಬಾಗಿಲು ತೆಗೆದ. ಮಾವನ ಹಿಂದೆ ಒಬ್ಬ ಕೂಲಿಯವನಿದ್ದ. ಕೂಲಿಯವನ ತಲೆಯ ಮೇಲೆ ಆ ಟ್ರಂಕು, ಅದರ ಮೇಲೆ ಇನ್ನೊಂದು ದೊಡ್ಡ ಟ್ರಂಕು, ಅದರ ಮೇಲೆ ಪಾತ್ರೆಯ ಬುಟ್ಟಿ.

"ಏನ್ ಮಾವ, ಇಷ್ಟೊಂದು ಸಾಮಾನು?"

"ಮನೆ ಬಾಡಿಗೆಗೆ ಕೊಟ್ಟುಬಿಟ್ಟೆ ಅಳಿಯಂದಿರೇ. ಗಾಡಿ ನಿಲ್ಲೋ ಜಾಗ, ಗಾಳಿ ಬೆಳಕು ಇರೋ ಮನೆ, ಕೇಳಿದವರಿಗೆ ಇಲ್ಲ ಅನ್ನೋಕಾಗುತ್ತಾ? ನಾನಾದ್ರೂ ಅಲ್ಲಿ ಒಬ್ಬನೇ ಯಾರಿಗೆ ಕವಾಯತು ಮಾಡಿಸ್ಲಿ?"

"ಯಾರಿಗೆ ಕೊಟ್ರಿ?" ಎಂದ ಗಡಿಬಿಡಿಯಪ್ಪ.

"ನಿಮ್ಮ ಆಫೀಸರಿಗೇ. ಅವರ ಅತ್ತೆಗಂತೆ. ಪಾಪ, ಅವರ ಮನೇಲೇ ಇದ್ರಂತೆ ಇಷ್ಟು ದಿನ. ಇಲ್ಲಾದ್ರೆ ಭಾನುವಾರ ಭಾನುವಾರ ಬಂದು ಹೋಗ್ತಾರೆ, ಅಷ್ಟೇ ದೂರ ಇದ್ರೆ ಸಾಕು ಅಂದ್ರು. ನಿಮ್ಮನ್ನ ಬಾಯಿತುಂಬ ಹೊಗಳಿದ್ರು."

ಹೆಂಡತಿ ಒಳಗಿನಿಂದ ಓಡಿ ಬಂದು ಪಾತ್ರೆಯ ಬುಟ್ಟಿ ಇಳಿಸಿಕೊಂಡಳು. ಗಡಿಬಿಡಿಯಪ್ಪ ಹೊಸಿಲ ಮೇಲೆ ನಿಂತೇ ಇದ್ದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಎಲ್ಲಿಗೂ ಓಡಬೇಕೆನ್ನಿಸಲಿಲ್ಲ. ಓಡಲು ಜಾಗವೇ ಉಳಿದಿರಲಿಲ್ಲ.

ಮಾವ ಚಪ್ಪಲಿ ಬಿಚ್ಚಿಟ್ಟು ಒಳಗೆ ಬರುತ್ತ ಅವನ ಬೆನ್ನು ತಟ್ಟಿದರು. "ಅದಿರ್ಲಿ, ಗಾಡಿ ಎಷ್ಟು ಬೇಗ ತಂದು ಬಿಡ್ತು ಅಂತೀರಿ! ಹತ್ತಿದ್ದೂ ಗೊತ್ತಾಗ್ಲಿಲ್ಲ, ಇಳಿದದ್ದೂ ಗೊತ್ತಾಗ್ಲಿಲ್ಲ. ಬಹಳ ದೊಡ್ಡ ಕೆಲಸ ಮಾಡಿದ್ರಿ ಅಳಿಯಂದಿರೇ."